ನಾಲ್ಕು ದಿನದ ಟ್ರಿಪ್ ಪ್ಲಾನ್, ಹನ್ನೊಂದು ತಿಂಗಳ ಹಡಗು

1/9
ವಿಜಯಪುರ ಬಸ್ಸಲ್ಲಿ ಕಂಬ ಹಿಡ್ಕೊಂಡು ನಿಂತಿದ್ದಾಗ ಅಕ್ಕನ ವಾಯ್ಸ್ ಮೆಸೇಜ್ ಬಂತು. ಅಕ್ಕ ಅಂದ್ರೆ ದೊಡ್ಡಮ್ಮನ ಮಗಳು, ಫ್ರಾನ್ಸಲ್ಲಿ ಎಂಎಸ್ಸಿ ಓದ್ತಿದ್ದಾಳೆ. "ಜೂನಲ್ಲಿ ನಾವು ಮೂರು ಜನ ಮಾರ್ಸೆಯ್‌ಗೆ ಹೋಗ್ತಿದ್ದೀವಿ ಕಣೇ, ನಾಲ್ಕು ದಿನ. ಸಮುದ್ರದ ಪಕ್ಕ ರೂಮು. ನೀನೂ ಬಾ. ರೂಮು, ಊಟ ನನ್ನ ಲೆಕ್ಕ. ಟಿಕೆಟ್ಟು, ವೀಸಾ ಮಾತ್ರ ನೀನು ನೋಡ್ಕೋ."

ಮಾತ್ರ ಅಂತೆ!

ಅವತ್ತು ರಾತ್ರಿನೇ ಎಕ್ಸೆಲ್ ಶೀಟ್ ತೆಗೆದೆ. ಬಿಕಾಂ ಓದಿದ್ದಕ್ಕೆ ಇದೊಂದು ರೋಗ, ಆಸೆ ಬಂದ್ರೂ ಮೊದಲು ಕಾಲಂ ಹಾಕ್ತೀವಿ. ಆ ಶೀಟ್ ಏನಾಯ್ತು, ಅದರ ಮಧ್ಯೆ 1788ನೇ ಇಸವಿ ಹೇಗೆ ಬಂತು, ಅದನ್ನೇ ಈ ಸೀರೀಸಲ್ಲಿ ಹೇಳ್ತೀನಿ. ಒಂಬತ್ತು ಪೋಸ್ಟ್ ಇದೆ. ಉದ್ದ ಆಯ್ತು ಅನ್ನೋರು ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ. ನಮ್ಮ ಬಸ್ಸುಗಳು ಹೇಗೂ ನಿಧಾನ.

2/9
ಮೊದಲು ಪ್ಲಾನ್. ನೀವೂ ಯಾವತ್ತಾದ್ರೂ ಹೋಗ್ಬಹುದು, ಬರೆದಿಟ್ಕೊಳ್ಳಿ.

ಮಾರ್ಸೆಯ್ ಫ್ರಾನ್ಸಿನ ದಕ್ಷಿಣದಲ್ಲಿ, ಮೆಡಿಟರೇನಿಯನ್ ದಂಡೆ ಮೇಲಿರೋ ಬಂದರು. ಕ್ರಿಸ್ತಪೂರ್ವ 600ರ ಸುಮಾರಿಗೆ ಗ್ರೀಕ್ ವ್ಯಾಪಾರಿಗಳು ಕಟ್ಟಿದ ಊರು. ಹಳೇ ಬಂದರು ಈಗಲೂ ಊರಿನ ಮಧ್ಯದಲ್ಲೇ ಇದೆ, ಬೆಳಗ್ಗೆ ಅಲ್ಲೇ ಮೀನು ಮಾರ್ತಾರೆ. ಮೊದಲ ದಿನ ಬಂದರು, ಅದರ ಪಕ್ಕದ ಲೆ ಪಾನಿಯೆ ಅನ್ನೋ ಹಳೇ ಬೀದಿಗಳು, ಆಮೇಲೆ ಗುಡ್ಡದ ಮೇಲಿನ ನೋತ್ರ್ ದಾಮ್ ದ ಲಾ ಗಾರ್ದ್ ಚರ್ಚು. ಎರಡನೇ ದಿನ ದೋಣಿ ಹತ್ತಿ ಇಫ್ ಕೋಟೆ. 'ಕೌಂಟ್ ಆಫ್ ಮಾಂಟೆ ಕ್ರಿಸ್ಟೊ' ಕಾದಂಬರಿಯ ಕೈದಿಯನ್ನ ಕೂಡಿಹಾಕೋದು ಅಲ್ಲೇ. ಮೂರನೇ ದಿನ ಕಲಾಂಕ್, ಅಂದ್ರೆ ಬಿಳಿ ಸುಣ್ಣಕಲ್ಲಿನ ಬಂಡೆಗಳ ಸಂದಿಗೆ ಸಮುದ್ರ ನುಗ್ಗಿರೋ ಜಾಗ. ರೀಲ್ಸಲ್ಲಿ ನೋಡಿರ್ತೀರ, ಆ ನೀಲಿ ನಿಜವಾಗ್ಲೂ ಹಾಗೇ ಇರುತ್ತಂತೆ. ನಾಲ್ಕನೇ ದಿನದ ಕಾಲಂ ಖಾಲಿ ಬಿಟ್ಟಿದ್ದೆ.

ಕಾಗದ ಪತ್ರದ ವಿಷಯ. ಶೆಂಗನ್ ವೀಸಾ ಬೇಕು, ದೊಡ್ಡೋರಿಗೆ ಫೀಸು 90 ಯೂರೋ. ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್. ಎಲ್ಲಿ ಉಳ್ಕೋತೀರಿ, ವಾಪಸ್ ಯಾವಾಗ ಬರ್ತೀರಿ ಅನ್ನೋದಕ್ಕೆ ದಾಖಲೆ. ಮತ್ತೆ ಬ್ಯಾಂಕ್ ಸ್ಟೇಟ್‌ಮೆಂಟ್. ನಮ್ಮ ಥರ ಸಂಪಾದನೆ ಇಲ್ಲದ ಸ್ಟೂಡೆಂಟ್ ಆದ್ರೆ, ಖರ್ಚು ನೋಡ್ಕೊಳ್ಳೋರ ಸ್ಟೇಟ್‌ಮೆಂಟೂ ಕೊಡಬೇಕು. ನನ್ನ ಕೇಸಲ್ಲಿ ಅಪ್ಪ. ಈ ಸಾಲನ್ನ ನೆನಪಿಟ್ಕೊಳ್ಳಿ, 8ನೇ ಪೋಸ್ಟಲ್ಲಿ ಬರುತ್ತೆ.

ನನ್ನ ಹತ್ರ ಟ್ಯೂಷನ್ ಹೇಳ್ಕೊಟ್ಟು ಕೂಡಿಟ್ಟ 38,000 ಇತ್ತು. ಟಿಕೆಟ್ಟಿಗೇ ಸಾಲಲ್ಲ.

3/9
ನಮ್ಮಪ್ಪ ವಿಜಯಪುರದಲ್ಲಿ ರೇಷ್ಮೆ ರೀಲರ್. ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಿ ಗೂಡು ಹಿಡಿತಾರೆ, ಬೇಯಿಸಿ ನೂಲು ತೆಗಿತಾರೆ, ಬೆಂಗಳೂರಿನ ವ್ಯಾಪಾರಿಗೆ ಕೊಡ್ತಾರೆ. ನಮ್ಮನೆ ಬೀದಿಗೆ ಬಂದೋರಿಗೆ ಆ ವಾಸನೆ ಗೊತ್ತು. ನಮಗೆ ಅದು ವಾಸನೆ ಅಂತಾನೇ ಅನ್ಸಲ್ಲ.

ಊಟಕ್ಕೆ ಕೂತಾಗ ವಿಷಯ ತೆಗೆದೆ. ಅಮ್ಮ "ಒಬ್ಬಳೇನಾ?" ಅಂದ್ಲು, ಅಷ್ಟೇ. ಅಪ್ಪ ಮುದ್ದೆ ಮುರೀತಾ ಕೇಳಿದ್ದು ಬೇರೆ ಪ್ರಶ್ನೆ: "ನಮ್ಮ ಕಡೆಯೋರು ಯಾರಾದ್ರೂ ಅಲ್ಲಿಗೆ ಹೋಗಿದ್ದಾರೇನಮ್ಮ?"

ಅಪ್ಪ ಕೇಳಿದ್ದು ಪಕ್ಕದ ಬೀದಿಯೋರ ಮಗ, ಆ ಥರ. ನಾನು ರೂಮಿಗೆ ಹೋಗಿ ಹುಡುಕಿದ್ದು ಬೇರೆ ಥರ. ನಮ್ಮ ಕಡೆಯಿಂದ ಮೆಡಿಟರೇನಿಯನ್ ದಂಡೆಗೆ ಹೋದೋರು ಅಂದ್ರೆ ಎಲ್ಲರಿಗೂ ಗೊತ್ತಿರೋದು ಮೈಸೂರು ಲ್ಯಾನ್ಸರ್ಸ್. 1918ರ ಸೆಪ್ಟೆಂಬರ್ 23ಕ್ಕೆ ಜೋಧಪುರದ ಕುದುರೆ ಪಡೆ ಜೊತೆ ಸೇರಿ ಹೈಫಾ ಬಂದರು ಗೆದ್ದೋರು. ಅದಕ್ಕೇ ಇನ್ನೊಂದು ಸೀರೀಸ್ ಬರೀತೀನಿ. ಆದ್ರೆ ಅವರಿಗಿಂತ 130 ವರ್ಷ ಮೊದಲೇ, 1788ರ ಜೂನಲ್ಲಿ, ಮೈಸೂರು ರಾಜ್ಯದ ಮೂರು ಜನ ರಾಯಭಾರಿಗಳು ತುಲೋನ್ ಬಂದರಲ್ಲಿ ಇಳಿದಿದ್ರು. ಮ್ಯಾಪ್ ತೆಗೆದು ನೋಡಿದೆ. ಮಾರ್ಸೆಯ್‌ಯಿಂದ ತುಲೋನ್‌ಗೆ ಟ್ರೈನಲ್ಲಿ ಒಂದು ಗಂಟೆ ಅಷ್ಟೇ. ಅದೇ ಜೂನ್ ತಿಂಗಳು ಬೇರೆ.

ಕಳಿಸಿದ್ದು ಯಾರು ಗೊತ್ತಲ್ಲ? ಟಿಪ್ಪು. ದೇವನಹಳ್ಳಿ ಕೋಟೆ ಹತ್ರ ಕಂಬ, ಕಲ್ಲುಚಪ್ಪಡಿಯ ಪುಟ್ಟ ಮಂಟಪ ಇದೆಯಲ್ಲ, ಬಸ್ಸಿಂದ ನೋಡ್ಕೊಂಡು ಮುಂದೆ ಹೋಗ್ತೀವಲ್ಲ, ಅಲ್ಲಿ ಹುಟ್ಟಿದವನು. ಅಲ್ಲಿಂದ ಏರ್‌ಪೋರ್ಟ್ ಬೈಕಲ್ಲಿ ಕಾಲು ಗಂಟೆ.

(ಕಾಮೆಂಟಲ್ಲಿ ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅಂತ ಶುರು ಮಾಡ್ಬೇಡಿ ಪ್ಲೀಸ್. ಕೊಡಗಿನೋರಿಗೆ, ಮೇಲುಕೋಟೆಯೋರಿಗೆ ಇರೋ ನೆನಪೇ ಬೇರೆ, ಅದನ್ನ ಅಳಿಸೋಕೆ ನಾನು ಬಂದಿಲ್ಲ. ನಾನು ಹೇಳ್ತಿರೋದು ಒಂದು ಪ್ರಯಾಣದ ಕಥೆ, ಅದರ ಲೆಕ್ಕ.)

4/9
ಯಾಕೆ ಕಳಿಸಿದ? ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಜೊತೆ ಎರಡನೇ ಯುದ್ಧ 1784ರ ಮಂಗಳೂರು ಒಪ್ಪಂದದಲ್ಲಿ ಮುಗಿದಿತ್ತು. ಮುಂದಿನದು ಬಂದೇ ಬರುತ್ತೆ ಅಂತ ಅವನಿಗೆ ಗೊತ್ತಿತ್ತು. ಒಬ್ಬನೇ ಆದ್ರೆ ಕಷ್ಟ, ಜೊತೆಗಾರ ಬೇಕು.

ಮೊದಲ ಪ್ರಯತ್ನ 1786ರಲ್ಲಿ. ಉತ್ತರ ಕನ್ನಡದ ತದಡಿಯಿಂದ ನಾಲ್ಕು ಹಡಗು ಹೊರಟವು, ತುರ್ಕಿಯ ಸುಲ್ತಾನನ ಇಸ್ತಾಂಬುಲ್‌ಗೆ. ಅಲ್ಲಿಂದ ಹಾಗೇ ಫ್ರಾನ್ಸ್‌ಗೆ, ಆಮೇಲೆ ಇಂಗ್ಲೆಂಡಿಗೆ ಹೋಗ್ಬೇಕು ಅನ್ನೋದು ಪ್ಲಾನ್. ಒಂದೇ ಟ್ರಿಪ್ಪಲ್ಲಿ ಮೂರು ದೇಶ, ನಮ್ಮ ಟ್ರಾವೆಲ್ ಏಜೆನ್ಸಿ ಪ್ಯಾಕೇಜ್ ಥರ. ಆಗಲಿಲ್ಲ. ದಾರೀಲೇ ತಿಂಗಳುಗಟ್ಟಲೆ ಕಾದ್ರು, ಕಾಯಿಲೆಗೆ ತುಂಬಾ ಜನ ಸತ್ರು, ಒಂದು ಹಡಗು ಬೆಂಕಿಗೆ ಹೋಯ್ತು. ಇಸ್ತಾಂಬುಲ್ ಮುಟ್ಟಿದ್ರು, ಆದ್ರೆ ಮುಂದೆ ಹೋಗ್ಲಿಲ್ಲ.

ಹಾಗಾಗಿ ಟಿಪ್ಪು ಫ್ರಾನ್ಸ್‌ಗೆ ಅಂತಾನೇ ಬೇರೆ ಮೂವರನ್ನ ಕಳಿಸಿದ. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. ಜೊತೆಗೆ ಅಡುಗೆಯೋರು, ಆಳುಕಾಳು. 1787ರ ಜುಲೈಯಲ್ಲಿ ಪುದುಚೇರಿಯಿಂದ ಹಡಗು ಹತ್ತಿದ್ರು. ಅದು ಆಗ ಫ್ರೆಂಚರ ಬಂದರು. ಹಡಗಿನ ಹೆಸರು ಒರೋರ್, ಅಂದ್ರೆ ಅರುಣೋದಯ.

ಇವತ್ತಿನ ಮ್ಯಾಪ್ ನೋಡಿ ಲೆಕ್ಕ ಹಾಕ್ಬೇಡಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಇವರು ಹೋಗೋ ಕಾಲಕ್ಕೆ ಮಾರಿಷಸ್ ಮುಟ್ಟಿ, ಇಡೀ ಆಫ್ರಿಕಾ ಸುತ್ತಿಕೊಂಡು, ಅಟ್ಲಾಂಟಿಕ್ ಏರಿ, ಜಿಬ್ರಾಲ್ಟರ್ ಸಂದಿಯಿಂದ ಒಳಗೆ ತಿರುಗಬೇಕು. ಸುಮಾರು ಹನ್ನೊಂದು ತಿಂಗಳು. ನಮ್ಮ ಎರಡು ಸೆಮಿಸ್ಟರ್. ನನ್ನ ಶೀಟಲ್ಲಿ ಅದೇ ದಾರಿಗೆ ಬರೆದಿದ್ದದ್ದು, ಮಧ್ಯೆ ಒಂದು ಕಡೆ ವಿಮಾನ ಬದಲಾಯಿಸಿದ್ರೂ ಒಂದು ದಿನದೊಳಗೆ.

ಅಷ್ಟು ದಿನ ನೀರಲ್ಲಿದ್ದು, ಜೂನ್ ಬಿಸಿಲಲ್ಲಿ ತುಲೋನ್ ಕಂಡಾಗ ಅವರಿಗೆ ಏನನ್ಸಿರ್ಬೇಡ? ಹಿಂದುಗಡೆ ಫಾರೋನ್ ಬೆಟ್ಟ, ಮುಂದೆ ನೌಕಾಪಡೆಯ ದೊಡ್ಡ ಬಂದರು. ಆ ಬೆಟ್ಟಕ್ಕೆ ಈಗ ರೋಪ್‌ವೇ ಇದೆ. ಹಡಗುಕಟ್ಟೆಯ ಹಳೇ ಕಲ್ಲಿನ ದೊಡ್ಡ ಬಾಗಿಲು ಈಗ ನೌಕಾ ಮ್ಯೂಸಿಯಮ್ಮಿನ ಬಾಗಿಲಾಗಿದೆ. ಆ ಬಾಗಿಲು ಇವರು ಬರೋ ಹೊತ್ತಿಗಾಗ್ಲೇ ಅಲ್ಲಿತ್ತು.

ನಾಲ್ಕನೇ ದಿನದ ಕಾಲಂ ತುಂಬಿತು: ತುಲೋನ್.

5/9
ತುಲೋನ್‌ನಿಂದ ಮಾರ್ಸೆಯ್, ಲಿಯೋನ್ ಮೇಲೆ ಹಾದು ಜುಲೈಯಲ್ಲಿ ಪ್ಯಾರಿಸ್ ಸೇರಿದ್ರು. ಖರ್ಚೆಲ್ಲ ಫ್ರಾನ್ಸ್ ಸರ್ಕಾರದ್ದು. ಇವರನ್ನ ನೋಡೋಕೆ ಜನವೋ ಜನ. ಮಸ್ಲಿನ್ ಬಟ್ಟೆ, ಪೇಟ, ಕತ್ತಿ. ಅವರ ಚಿತ್ರ ಅಚ್ಚು ಹಾಕಿ ಮಾರಿದ್ರು. ಪಿಂಗಾಣಿ ಮೇಲೆ ಬರೆದ್ರು. ಸೇಂಟ್ ಕ್ಲೂ ತೋಟದಲ್ಲಿ ಅವರು ನಡೆದಾಡ್ತಿರೋದು, ಸುತ್ತ ಜನ ಕತ್ತು ಚಾಚಿ ನೋಡ್ತಿರೋದು, ಅದರದ್ದೊಂದು ಚಿತ್ರ ಇದೆ. ಇವತ್ತಿನ ಲೆಕ್ಕದಲ್ಲಿ ಹೇಳೋದಾದ್ರೆ ಅವರು ಆ ಬೇಸಿಗೆಯ ಟ್ರೆಂಡಿಂಗ್.

ನನಗೆ ತುಂಬಾ ಇಷ್ಟ ಆಗಿದ್ದು ಎಲಿಜಬೆತ್ ವಿಜೆ ಲೆ ಬ್ರುನ್ ಕಥೆ. ರಾಣಿ ಮರಿ ಆಂತ್ವಾನೆತ್‌ಳ ಚಿತ್ರ ಬರೀತಿದ್ದ ಕಲಾವಿದೆ. ಇವರನ್ನ ನೋಡಿದ ಕೂಡಲೇ ಬರೀಬೇಕು ಅನ್ನಿಸ್ತಂತೆ. ಇವರು ಒಪ್ಪಲಿಲ್ಲ, ರಾಜನೇ ಕೇಳಿದ್ರೆ ಮಾತ್ರ ಅಂದ್ರು. ರಾಜನ ಕಡೆಯಿಂದ ಹೇಳಿಸಿದಳು. ದರ್ವೇಶ್ ಖಾನ್‌ನದು ಆಳೆತ್ತರದ ಚಿತ್ರ, ಕೈ ಕತ್ತಿ ಮೇಲೆ. ಬರೆದು ಮುಗಿದ ಮೇಲೆ ಅವನು ಚಿತ್ರವನ್ನ ಮಂಚದ ಹಿಂದೆ ಬಚ್ಚಿಟ್ಕೊಂಡು ವಾಪಸ್ ಕೊಡಲ್ಲ ಅಂದ. ಉಪಾಯ ಮಾಡಿ ತರಿಸ್ಕೊಂಡೆ ಅಂತ ಆಕೆನೇ ತನ್ನ ನೆನಪಿನ ಪುಸ್ತಕದಲ್ಲಿ ಬರ್ಕೊಂಡಿದ್ದಾಳೆ. ವಿಷಯ ಗೊತ್ತಾಗಿ ಅವನು ಆಳಿನ ತಲೆ ತೆಗೀತೀನಿ ಅಂತ ಎದ್ದನಂತೆ, ಪ್ಯಾರಿಸಲ್ಲಿ ಹಾಗೆಲ್ಲ ಮಾಡೋ ಹಾಗಿಲ್ಲ ಅಂತ ದುಭಾಷಿ ತಡೆದನಂತೆ.

ಇನ್ನೊಂದು ವಿಷಯ. ಆಕೆ ಇವರ ಮನೆಗೆ ಊಟಕ್ಕೆ ಹೋಗಿದ್ದಳು. ನೆಲದ ಮೇಲೆ ಕೂತು ಊಟ, ಕೈಯಿಂದಲೇ ಬಡಿಸಿದ್ರು. ಏನು ಬಡಿಸಿದ್ರು? ಬಿಳಿ ಸಾರಲ್ಲಿ ಬೆಂದ ಕುರಿ ಕಾಲು, ಮಸಾಲೆ ಜೋರಾಗಿ. ಗುರು, ಅದು ಪಾಯಾ ಅಲ್ದೆ ಇನ್ನೇನು! 1788ರಲ್ಲಿ, ಪ್ಯಾರಿಸಲ್ಲಿ, ರಾಣಿಯ ಚಿತ್ರಕಾರ್ತಿ ನೆಲದ ಮೇಲೆ ಕೂತು ನಮ್ಮ ಕಾಲು ಸಾರು ತಿಂದಿದ್ದಾಳೆ. ಈ ಒಂದು ಸಾಲು ಓದಿ ನಾನು ರಾತ್ರಿ ಒಂದು ಗಂಟೇಲಿ ಜೋರಾಗಿ ನಕ್ಕು ಅಮ್ಮನ ಕೈಲಿ ಬೈಸ್ಕೊಂಡೆ.

ಆ ದರ್ವೇಶ್ ಖಾನ್ ಚಿತ್ರ 2019ರ ಜನವರಿಯಲ್ಲಿ ನ್ಯೂಯಾರ್ಕ್ ಹರಾಜಲ್ಲಿ 70 ಲಕ್ಷ ಡಾಲರಿಗೂ ಜಾಸ್ತಿಗೆ ಹೋಯ್ತು. ಹೆಸರಿಗೊಂದ್ಸಲ ಸರ್ಚ್ ಮಾಡಿ ನೋಡಿ. ಆ ಮುಖದಲ್ಲಿ ಟೂರಿಸ್ಟ್ ಕಳೆ ಒಂಚೂರೂ ಇಲ್ಲ. ಕೆಲಸಕ್ಕೆ ಬಂದವನ ಮುಖ.

6/9
ಕೆಲಸ ನಡೆದದ್ದು 1788ರ ಆಗಸ್ಟ್ 10ಕ್ಕೆ, ವರ್ಸಾಯ್ ಅರಮನೆಯ ಹರ್ಕ್ಯುಲಿಸ್ ಹಾಲಲ್ಲಿ. ಚಾವಣಿ ತುಂಬಾ ಚಿತ್ರ, ಗೋಡೆಗೆಲ್ಲ ಅಮೃತಶಿಲೆ, ಎತ್ತರದಲ್ಲಿ ಹದಿನಾರನೇ ಲೂಯಿ. ದೊಡ್ಡ ದರ್ಬಾರು.

ಟಿಪ್ಪು ಕೇಳಿದ್ದು ಮುಖ್ಯವಾಗಿ ಎರಡು. ಒಂದು, ಇಂಗ್ಲಿಷರ ವಿರುದ್ಧ ಒಪ್ಪಂದ, ಜೊತೆಗೆ ಫ್ರೆಂಚ್ ಸೈನ್ಯ. ಎರಡನೆಯದು ಕೇಳಿದ್ರೆ ನಿಮಗೆ ಆಶ್ಚರ್ಯ ಆಗುತ್ತೆ: ಕೆಲಸ ಗೊತ್ತಿರೋ ಜನ. ಫಿರಂಗಿ ಎರಕ ಹೊಯ್ಯೋರು, ಬಂದೂಕು ಮಾಡೋರು, ಪಿಂಗಾಣಿಯೋರು, ಗಾಜಿನೋರು, ಗಡಿಯಾರದೋರು, ನೇಯೋರು, ಡಾಕ್ಟರು. ಆಮೇಲೆ ಗಿಡ, ಬೀಜ. ಬೇರೆ ಕಡೆಯಿಂದ ಕಸುಬು ತರಿಸಿ ಇಲ್ಲಿ ನೆಡೋದು ಅವನ ಅಭ್ಯಾಸ. ರೇಷ್ಮೆ ಹುಳುನ ಬಂಗಾಳದಿಂದ ತರಿಸಿದ್ದೂ ಅವನೇ. ನಮ್ಮಪ್ಪನ ಚರಕ ತಿರುಗ್ತಿರೋದರ ಹಿಂದೆ ಆ ಹುಳು ಇದೆ.

(ಚಿಕ್ಕ ಮಾಹಿತಿ: ನಾನು ಅಕ್ಕನಿಗೆ ದೇವನಹಳ್ಳಿ ಚಕೋತ ಒಂದು ಒಯ್ಯೋಣ ಅಂತಿದ್ದೆ, ಜಿಐ ಟ್ಯಾಗ್ ಇರೋ ನಮ್ಮೂರ ಹಣ್ಣು. ಆಗಲ್ಲ. ಗಿಡದ ಆರೋಗ್ಯದ ಸರ್ಟಿಫಿಕೇಟ್ ಇಲ್ದೆ ಆ ಜಾತಿ ಹಣ್ಣು ಯುರೋಪ್ ಒಳಗೆ ಬಿಡಲ್ಲ. ಬಾಳೆಹಣ್ಣು ಬಿಡ್ತಾರೆ. ಟಿಪ್ಪು ಕಾಲದಲ್ಲಿ ಬೀಜ ಒಯ್ಯೋಕೆ ರಾಜನ ಅಪ್ಪಣೆ ಸಾಕಿತ್ತು.)

ಉತ್ತರ ಏನು ಬಂತು? ಕುಶಲಕರ್ಮಿಗಳನ್ನ ಕೊಡ್ತೀವಿ, ಬೀಜ ಕೊಡ್ತೀವಿ, ಸೆವ್ರ್ ಕಾರ್ಖಾನೆಯ ಒಳ್ಳೇ ಪಿಂಗಾಣಿ ಉಡುಗೊರೆ ಕೊಡ್ತೀವಿ. ಸೈನ್ಯ ಇಲ್ಲ. ಇಂಗ್ಲೆಂಡ್ ಜೊತೆ 1783ರಲ್ಲಿ ಒಪ್ಪಂದ ಆಗಿದೆ, ಅದನ್ನ ಮುರಿಯಲ್ಲ.

7/9
ಇಲ್ಲೊಂದು ಜಗಳ ಇದೆ ನನಗೆ. ಕೆಲವರು ಈ ಕಥೆನ ಹೇಳೋ ರೀತಿ ಹೇಗೆ ಗೊತ್ತಾ? ರಾಯಭಾರಿಗಳು ಅಲ್ಲಿ ಮಜಾ ಮಾಡ್ಕೊಂಡಿದ್ರು, ನಾಟಕ, ತೋಟ ಅಂತ ಸುತ್ತಿದ್ರು, ಬರಿಗೈಲಿ ಬಂದ್ರು. ನಾನು ಅದನ್ನ ಒಪ್ಪಲ್ಲ. ತಾರೀಕು ಇಟ್ಟು ನೋಡಿ.

ಆಗಸ್ಟ್ 10, ದರ್ಬಾರು.
ಆಗಸ್ಟ್ 16, ಫ್ರಾನ್ಸಿನ ಖಜಾನೆ ಕೈಯೆತ್ತಿತು.

ಆರು ದಿನ! ಕೊಡಬೇಕಾದ ಹಣ ಪೂರ್ತಿ ನಗದಲ್ಲಿ ಕೊಡೋಕಾಗಲ್ಲ, ಒಂದು ಭಾಗಕ್ಕೆ ಬಡ್ಡಿ ಚೀಟಿ ಕೊಡ್ತೀವಿ ಅಂತ ಸರ್ಕಾರವೇ ಘೋಷಣೆ ಮಾಡ್ತು. ನಮ್ಮ ಕ್ಲಾಸ್ ಭಾಷೇಲಿ ಡೀಫಾಲ್ಟ್. ಆಗಸ್ಟ್ 25ಕ್ಕೆ ಹಣಕಾಸು ಹೊತ್ತಿದ್ದ ಮುಖ್ಯಮಂತ್ರಿ ಬ್ರಿಯೆನ್ ರಾಜೀನಾಮೆ. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಸಾಲ ಮಾಡಿ ಸುರಿದಿದ್ರು, ಅದರ ಬಡ್ಡಿ ತಲೆ ಮೇಲೆ ಬಂದಿತ್ತು. ಹೊಸ ತೆರಿಗೆಗೆ ಯಾರೂ ಒಪ್ತಿರಲಿಲ್ಲ. ದರ್ಬಾರಿಗೆ ಎರಡು ದಿನ ಮುಂಚೆ, ಆಗಸ್ಟ್ 8ಕ್ಕೆ, ಬೇರೆ ದಾರಿ ಕಾಣದೆ ಮುಂದಿನ ಮೇ ತಿಂಗಳಿಗೆ ಎಸ್ಟೇಟ್ಸ್ ಜನರಲ್ ಸಭೆ ಕರೆದಿದ್ರು. 1614ರಿಂದ ಸೇರದೇ ಇದ್ದ ಸಭೆ. ಅಲ್ಲಿಂದಲೇ ಕ್ರಾಂತಿ ಶುರುವಾಗಿದ್ದು, 1789ರ ಜುಲೈ 14ಕ್ಕೆ ಬಾಸ್ಟೀಲ್ ಬಿದ್ದಿದ್ದು. ಪಿಯುಸಿಲಿ ಓದಿದ್ದೀವಿ.

ಈಗ ಆ ಹಾಲಿಗೆ ವಾಪಸ್ ಹೋಗಿ. ಅಮೃತಶಿಲೆ ಗೋಡೆ, ಸಿಂಹಾಸನ, ಸಾಲಾಗಿ ನಿಂತಿರೋ ಆಸ್ಥಾನದೋರು. ಹನ್ನೊಂದು ತಿಂಗಳು ನೀರು ದಾಟಿ ಬಂದು, ಪೇಟ ಸರಿ ಮಾಡ್ಕೊಂಡು, ಸೈನ್ಯ ಕೊಡಿ ಅಂತ ಕೇಳ್ತಿದ್ದಾರೆ. ಎದುರಿಗೆ ಕೂತಿರೋನ ಗಲ್ಲಾಪೆಟ್ಟಿಗೆಯಲ್ಲಿ ವಾರಕ್ಕಾಗೋಷ್ಟು ಕಾಸು ಇಲ್ಲ. ಹಾಗಂತ ಉಪಚಾರದಲ್ಲಿ ಏನೂ ಕಮ್ಮಿ ಮಾಡಲಿಲ್ಲ, ಬಂಡಿ, ಮನೆ, ಪಿಂಗಾಣಿ ಎಲ್ಲ ಕೊಟ್ಟ. ಟರ್ನೋವರ್ ನೋಡಿ ಲಾಭ ಅನ್ಕೊಳ್ಬೇಡಿ ಅಂತ ನಮ್ಮ ಮೇಡಂ ಫಸ್ಟ್ ಸೆಮ್‌ನಿಂದ ಹೇಳ್ತಾನೇ ಇದ್ದಾರೆ.

8/9
ಇದನ್ನೆಲ್ಲ ಓದಿ ಬಹಳ ಬುದ್ಧಿವಂತೆ ಆದೆ ಅನ್ಕೊಂಡಿದ್ದೆ.

ಮುಂದಿನ ಸೋಮವಾರ ಅಪ್ಪನಿಗೆ ಹೇಳಿದೆ, "ಅಪ್ಪಾ, ವೀಸಾಗೆ ನಿನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು, ಮೂರು ತಿಂಗಳದ್ದು." ಅಪ್ಪ ಒಂದು ಕ್ಷಣ ಸುಮ್ಮನಿದ್ರು. "ತಗೋಮ್ಮ" ಅಂದ್ರು, ಪಾಸ್‌ಬುಕ್ ಕೊಟ್ರು. ಟಿಕೆಟ್ಟಿಗೆ ಎಷ್ಟು ಕಮ್ಮಿ ಬೀಳುತ್ತೆ ಅಂತ ಕೇಳಿದ್ರು. ನಾನು ಹೇಳಿದೆ. "ನೋಡೋಣ, ಮಾಡೋಣ" ಅಂದ್ರು. ಇಲ್ಲ ಅನ್ನಲಿಲ್ಲ. ನಮ್ಮಪ್ಪ ನನಗೆ ಯಾವತ್ತೂ ಇಲ್ಲ ಅಂದೋರಲ್ಲ.

ಬ್ಯಾಂಕಿಗೆ ಹೋಗಿ ಪ್ರಿಂಟ್ ಹಾಕಿಸ್ಕೊಂಡು, ಅಲ್ಲೇ ಬೆಂಚಲ್ಲಿ ಕೂತು ಓದಿದೆ. ಲಕ್ಷ ಬರುತ್ತೆ, ಮಾರನೇ ಬೆಳಗ್ಗೆ ಗೂಡಿಗೆ ಹೋಗುತ್ತೆ. ಮತ್ತೆ ಬರುತ್ತೆ, ಮತ್ತೆ ಹೋಗುತ್ತೆ. ಹೊರಗಿನೋರು ನೋಡಿದ್ರೆ ದೊಡ್ಡ ವ್ಯಾಪಾರ ಅನ್ಬೇಕು. ಬ್ಯಾಲೆನ್ಸ್ ಕಾಲಂ ಮಾತ್ರ ಹತ್ತು ದಿನಕ್ಕೊಂದ್ಸಲ ಸಾವಿರದ ಹತ್ರಕ್ಕೆ ಬಂದು ನಿಂತಿರುತ್ತೆ. ಆ ಮೂರು ತಿಂಗಳಲ್ಲಿ ಗೂಡಿನ ರೇಟು ಏರಿತ್ತು, ನೂಲಿಗೆ ಅಷ್ಟು ಏರಿರಲಿಲ್ಲ, ಕೊಟ್ಟ ನೂಲಿಗೆ ದುಡ್ಡು ಬರೋದೂ ತಡ ಆಗ್ತಿತ್ತು. ಎರಡು ಕಡೆ ಒಡವೆ ಸಾಲದ ಬಡ್ಡಿ ಕಟ್ಟಿದ ಎಂಟ್ರಿ ಇತ್ತು. ಅಮ್ಮನ ಬಳೆ ಮದುವೆ ಮನೆಗೆ ಹಾಕ್ಕೊಳ್ದೇ ಇದ್ದಿದ್ದು ಯಾಕೆ ಅಂತ ಆಗ ಗೊತ್ತಾಯ್ತು. ಮದುವೆಗೆ ಹೋಗೋ ದಿನ "ಭಾರ ಕಣೇ, ಯಾರು ಹಾಕ್ಕೊತಾರೆ" ಅಂದಿದ್ಲು.

ಹನ್ನೆರಡು ವರ್ಷ ಅದೇ ಮನೇಲಿ ಓದಿದ್ದೀನಿ, ಎರಡು ವರ್ಷದಿಂದ ಅಕೌಂಟ್ಸ್ ಓದ್ತಿದ್ದೀನಿ, ನಮ್ಮನೆ ಲೆಕ್ಕ ಮಾತ್ರ ಒಂದ್ಸಲನೂ ನೋಡಿರಲಿಲ್ಲ. ಫ್ರೆಂಚ್ ಖಜಾನೆ ಬಗ್ಗೆ ಅಷ್ಟೆಲ್ಲ ಹೇಳೋಳು!

ಶೀಟಲ್ಲಿ ವರ್ಷದ ಕಾಲಂ ಬದಲಾಯಿಸಿದೆ, ಅಕ್ಕನಿಗೆ ಮೆಸೇಜ್ ಹಾಕಿದೆ. ಅಪ್ಪನಿಗೆ "ಎಕ್ಸಾಮ್ ಡೇಟ್ ಕ್ಲಾಶ್ ಆಗುತ್ತಪ್ಪಾ" ಅಂದೆ. ಅಪ್ಪ ನಂಬಿದ್ರಾ ಇಲ್ವಾ ಗೊತ್ತಿಲ್ಲ. ಅವರು ಇನ್‌ಸ್ಟಾದಲ್ಲಿ ಇಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ವಿಜಯಪುರದೋರು ಯಾರೂ ಹೋಗಿ ಹೇಳ್ಬೇಡಿ.

9/9
ರಾಯಭಾರಿಗಳ ಕಥೆ ಮುಗಿಸ್ಬೇಕಲ್ಲ. ಆ ವರ್ಷದ ಕೊನೆಗೆ ಬ್ರೆಸ್ಟ್ ಬಂದರಿಂದ ಹೊರಟು 1789ರ ಮೇನಲ್ಲಿ ಪುದುಚೇರಿಗೆ ವಾಪಸ್. ಪಿಂಗಾಣಿ, ಬೀಜ, ಒಂದಷ್ಟು ಕುಶಲಕರ್ಮಿಗಳು ಬಂದ್ರು. ಸೈನ್ಯ ಬರಲಿಲ್ಲ.

ಮೂರನೇ ಯುದ್ಧ ಬಂತು. 1791ರ ಮಾರ್ಚಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಆಮೇಲೆ ನಮ್ಮ ದೇವನಹಳ್ಳಿ ಕೋಟೆಯೂ ಹೋಯ್ತು. ಅಕ್ಟೋಬರಲ್ಲಿ ನಂದಿ ಬೆಟ್ಟ. ನೀವು ಭಾನುವಾರ ಬೆಳಗ್ಗೆ ನಾಲ್ಕಕ್ಕೆ ಎದ್ದು ಸನ್‌ರೈಸ್ ರೀಲ್ ಮಾಡೋಕೆ ಹೋಗ್ತೀರಲ್ಲ, ಆ ಬೆಟ್ಟದ ಕೋಟೆಗೋಡೆಯನ್ನ ಫಿರಂಗಿಯಿಂದ ಒಡೆದು ರಾತ್ರಿಯಲ್ಲಿ ನುಗ್ಗಿದ್ರು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಗಂಡುಮಕ್ಕಳು.

ತುಲೋನ್ ಇನ್ನೊಂದ್ಸಲ ಬರುತ್ತೆ. 1798ರ ಮೇ 19ಕ್ಕೆ ನೆಪೋಲಿಯನ್ ಈಜಿಪ್ಟ್ ಕಡೆ ದಂಡೆತ್ತಿ ಹೊರಟಿದ್ದು ಅದೇ ಬಂದರಿಂದ. ಮುಂದಿನ ಜನವರಿಯಲ್ಲಿ ಕೈರೋದಿಂದ ಟಿಪ್ಪುಗೆ ಕಾಗದ ಬರೆದ, ನಿನ್ನನ್ನ ಇಂಗ್ಲಿಷರಿಂದ ಬಿಡಿಸೋಕೆ ಬರ್ತಿದ್ದೀನಿ ಅನ್ನೋ ಅರ್ಥದಲ್ಲಿ. ಕಾಗದ ಬ್ರಿಟಿಷರ ಕೈಗೆ ಸಿಕ್ತು. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ.

ಮೊನ್ನೆ ರಾತ್ರಿ ಇದಿಷ್ಟನ್ನೂ ಅಪ್ಪನಿಗೆ ಹೇಳಿದೆ. ಕಾಲು ಸಾರಿನ ಭಾಗಕ್ಕೆ ನಕ್ರು. ಪೂರ್ತಿ ಕೇಳಿ "ಹಂಗಾದ್ರೆ ಹೋಗಿ ಏನು ತಂದ್ರು?" ಅಂದ್ರು. ಪಿಂಗಾಣಿ ಅಂದೆ. ಆಮೇಲೆ, ಅವರು ಹಾದು ಹೋದ ಲಿಯೋನ್ ಊರು ಆ ಕಾಲಕ್ಕೆ ಯುರೋಪಿನಲ್ಲೇ ರೇಷ್ಮೆ ನೇಯ್ಗೆಗೆ ಹೆಸರುವಾಸಿ, ಈಗಲೂ ಅಲ್ಲಿ ಹಳೇ ಮಗ್ಗ ಇಟ್ಟು ತೋರಿಸ್ತಾರೆ ಅಂದೆ.

ಅಪ್ಪ ಕೈ ತೊಳೆಯೋಕೆ ಎದ್ದೋರು ನಿಂತ್ರು. "ಅಲ್ಲಿ ನೂಲು ಎಲ್ಲಿಂದ ತರಿಸ್ತಿದ್ರು? ಗೂಡು ಬಿಳೀದೋ ಹಳದಿದೋ?"

ನನಗೆ ಗೊತ್ತಿರಲಿಲ್ಲ. ಅಕ್ಕನಿಗೆ ಮೆಸೇಜ್ ಮಾಡಿದ್ದೀನಿ, ಲಿಯೋನ್‌ಗೆ ಹೋದಾಗ ಕೇಳ್ಕೊಂಡು ಬರ್ತೀನಿ ಅಂದಿದ್ದಾಳೆ. ಶೀಟಲ್ಲಿ ಐದನೇ ದಿನ ಅಂತ ಒಂದು ಸಾಲು ಸೇರಿಸಿದೆ, ಲಿಯೋನ್, ಎರಡು ಟಿಕೆಟ್. ಅಪ್ಪನ ಪಾಸ್‌ಪೋರ್ಟಿಗೆ 1,500 ರೂಪಾಯಿ ಫೀಸು, ಅದು ನನ್ನ 38,000ದಲ್ಲಿ ಆಗುತ್ತೆ. ಅವರಿಗೆ ಇನ್ನೂ ಹೇಳಿಲ್ಲ.

#ದೇವನಹಳ್ಳಿ #ವಿಜಯಪುರ #ತುಲೋನ್ #ನಮ್ಮೂರಇತಿಹಾಸ